ಶ್ರೀರಂಗಪಟ್ಟಣದ ರಾಕೆಟ್ಟು, ಕೋಪನ್‌ಹೇಗನ್ನಿನ ಬೆಂಕಿ

ಕೋಪನ್‌ಹೇಗನ್ ಅಂದ್ರೆ ಈಗ ನಮಗೆ ನೆನಪಾಗೋದು ಸೈಕಲ್ಲುಗಳು, ಕಡಲ ದಡದ ಬಂಡೆ ಮೇಲೆ ಕೂತ ಮತ್ಸ್ಯಕನ್ಯೆಯ ಪ್ರತಿಮೆ. ಡೆನ್ಮಾರ್ಕಿನ ಈ ರಾಜಧಾನಿ 1807ರ ಸೆಪ್ಟೆಂಬರಿನಲ್ಲಿ ದಿನಗಟ್ಟಲೆ ಹೊತ್ತಿ ಉರಿದಿತ್ತು. ಆ ಬೆಂಕಿಯ ಒಂದು ಕಿಡಿ ನಮ್ಮ ಶ್ರೀರಂಗಪಟ್ಟಣದಿಂದ ಹೋದದ್ದು.

ಊರಿನ ಹೆಸರಿಗೆ ಡೇನಿಶ್ ಭಾಷೆಯಲ್ಲಿ 'ವರ್ತಕರ ಬಂದರು' ಅಂತ ಅರ್ಥ. 1167ರ ಸುಮಾರಿಗೆ ಅಬ್ಸಲೋನ್ ಎಂಬ ಬಿಷಪ್ ಅಲ್ಲೊಂದು ಕೋಟೆ ಕಟ್ಟಿಸಿದ. ಬಾಲ್ಟಿಕ್ ಸಮುದ್ರಕ್ಕೆ ಹೋಗುವ ಬಹಳಷ್ಟು ಹಡಗುಗಳು ಆಗ ಓರೆಸುಂಡ್ ಅನ್ನೋ ಇಕ್ಕಟ್ಟಾದ ಜಲಸಂಧಿ ದಾಟಿ ಹೋಗುತ್ತಿದ್ದವು. ಊರು ಇರೋದು ಅದರ ದಡದಲ್ಲೇ. 15ನೇ ಶತಮಾನದಿಂದ 1857ರವರೆಗೆ ಡೆನ್ಮಾರ್ಕಿನ ದೊರೆಗಳು ಅಲ್ಲಿ ಹಡಗುಗಳಿಂದ ಸುಂಕ ಎತ್ತುತ್ತಿದ್ದರು. ಸಮುದ್ರದ ಮೇಲಿನ ಟೋಲ್ ಗೇಟ್ ಅಂದ್ಕೊಳ್ಳಿ.

ಇವರು ನಮ್ಮ ಕಡೆಗೂ ಬಂದಿದ್ದರು. ತಮಿಳುನಾಡಿನ ತರಂಗಂಬಾಡಿ 1620ರಿಂದ 1845ರವರೆಗೆ ಡೇನರ ಕೈಯಲ್ಲಿತ್ತು. ಇಂಗ್ಲೆಂಡು, ಫ್ರಾನ್ಸು ಬಡಿದಾಡುವಾಗ ಡೆನ್ಮಾರ್ಕ್ ಯಾರ ಕಡೆಗೂ ಸೇರದೆ ವ್ಯಾಪಾರ ಮಾಡಿಕೊಂಡಿತು. ಹಾಗೆ ಕೋಪನ್‌ಹೇಗನ್ ಸೇರಿದ ಹಣದಲ್ಲಿ ಭಾರತದ ಬಟ್ಟೆಯ ಪಾಲಿತ್ತು, ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮರು ಬೆವರು ಸುರಿಸಿ ಬೆಳೆದ ಸಕ್ಕರೆಯ ಪಾಲೂ ಇತ್ತು. ಊರು ಪೂರಾ ಅಮಾಯಕವೇನಲ್ಲ.

1801ರಲ್ಲಿ ನೆಲ್ಸನ್ ಬಂದು ಡೇನರ ನೌಕಾಪಡೆಯನ್ನ ಬಂದರಿನ ಬಾಯಲ್ಲೇ ಸೋಲಿಸಿದ. ಆಗ ಊರು ಉಳಿಯಿತು. 1807ರಲ್ಲಿ ನೆಪೋಲಿಯನ್ನನೂ ರಷ್ಯಾದ ದೊರೆಯೂ ಕೈ ಕುಲುಕಿದರು ನೋಡಿ, ಇಂಗ್ಲೆಂಡಿಗೆ ದಿಗಿಲು ಹತ್ತಿತು. ನಾಳೆ ಡೆನ್ಮಾರ್ಕಿನ ಹಡಗುಗಳು ಫ್ರೆಂಚರ ಪಾಲಾದರೆ? 'ಹಡಗು ನಮಗೆ ಒಪ್ಪಿಸಿ' ಅಂದರು. ಡೇನರು ಒಪ್ಪಲಿಲ್ಲ. ಡೆನ್ಮಾರ್ಕಿನ ಸೈನ್ಯದ ಬಹುಪಾಲು ಆಗ ದೂರದ ದಕ್ಷಿಣ ಗಡಿಯಲ್ಲಿತ್ತು. ಬ್ರಿಟಿಷರು ಸುಮಾರು ಒಂದು ಲಕ್ಷ ಜನರಿದ್ದ ಊರನ್ನು ಸುತ್ತುವರಿದರು.

ನೆರವಿಗೆ ಬಂದ ಡೇನರ ಪಡೆಯನ್ನು ಕೋಗೆ ಎಂಬಲ್ಲಿ ಚದುರಿಸಿದವನು ಆರ್ಥರ್ ವೆಲ್ಲೆಸ್ಲಿ. ಎಲ್ಲೋ ಕೇಳಿದ ಹೆಸರು ಅನ್ನಿಸ್ತಾ? ಹೌದು, ಅದೇ ಮನುಷ್ಯ. 1799ರ ಏಪ್ರಿಲ್‌ನಲ್ಲಿ ಶ್ರೀರಂಗಪಟ್ಟಣದ ಬಳಿಯ ಸುಲ್ತಾನ್‌ಪೇಟೆ ತೋಪಿನಲ್ಲಿ, ಕತ್ತಲಲ್ಲಿ ಟಿಪ್ಪುವಿನ ರಾಕೆಟ್ಟು, ಗುಂಡುಗಳ ನಡುವೆ ಸಿಕ್ಕಿ ಹಿಂದೆ ಸರಿದವನು. ಪಟ್ಟಣ ಬಿದ್ದ ಮೇಲೆ ಅಲ್ಲಿ ಸಿಕ್ಕ ರಾಕೆಟ್ಟುಗಳಲ್ಲಿ ಕೆಲವು ಇಂಗ್ಲೆಂಡಿಗೆ ಹೋದವು. ಹೈದರ್-ಟಿಪ್ಪು ಕಾಲದ ಕುಶಲಿಗಳು ಮದ್ದನ್ನು ಕಬ್ಬಿಣದ ಕೊಳವೆಯಲ್ಲಿ ತುಂಬುತ್ತಿದ್ದರು. ಅದಕ್ಕೇ ಅವು ಅಷ್ಟು ದೂರ ಹಾರುತ್ತಿದ್ದವು. ವಿಲಿಯಂ ಕಾಂಗ್ರೀವ್ ಅವುಗಳ ಜಾಡು ಹಿಡಿದು ತನ್ನದೇ ರಾಕೆಟ್ ಮಾಡಿದ. 1806ರಲ್ಲಿ ಫ್ರಾನ್ಸಿನ ಬೂಲೋನ್ ಬಂದರು, ಮರುವರ್ಷ ಕೋಪನ್‌ಹೇಗನ್.

ಸೆಪ್ಟೆಂಬರ್ 2ರ ಸಂಜೆ ಶುರುವಾದ ದಾಳಿ 5ರವರೆಗೆ ನಡೆಯಿತು. ಹೆಚ್ಚು ಹಾನಿ ಮಾಡಿದ್ದು ಮಾರ್ಟರ್ ಬಾಂಬುಗಳು, ರಾಕೆಟ್ಟುಗಳ ಪಾಲು ಸಣ್ಣದು. ಗುರಿ ಮಾತ್ರ ಕೋಟೆಗೋಡೆ ಅಲ್ಲ, ಮನೆಗಳು. ಜನ ಹೆದರಿ ಶರಣಾಗಲಿ ಅನ್ನೋದೇ ಲೆಕ್ಕ. ಮುಖ್ಯ ಚರ್ಚಿನ ಗೋಪುರ ಉರಿದು ಬಿತ್ತು, ಸುಮಾರು ಸಾವಿರ ಕಟ್ಟಡ ಸುಟ್ಟುಹೋದವು, ಹೆಂಗಸರು ಮಕ್ಕಳು ಸತ್ತರು. 7ರಂದು ಊರು ಶರಣಾಯಿತು, ಹಡಗುಗಳು ಇಂಗ್ಲೆಂಡಿಗೆ ಹೋದವು. ಮರುವರ್ಷ ತರಂಗಂಬಾಡಿಯೂ ಕೆಲವು ವರ್ಷ ಬ್ರಿಟಿಷರ ವಶವಾಯಿತು.

ಆಮೇಲೆ ಡೆನ್ಮಾರ್ಕ್ ನೆಪೋಲಿಯನ್ ಕಡೆ ಸೇರಿತು. ಇಂಗ್ಲೆಂಡು ಯಾವುದಕ್ಕೆ ಹೆದರಿತ್ತೋ ಅದೇ ಆಯ್ತು. 1813ರಲ್ಲಿ ಖಜಾನೆ ದಿವಾಳಿ, 1814ರಲ್ಲಿ ನಾರ್ವೆ ಕೈಬಿಟ್ಟಿತು. ಆದರೂ ಊರು ಎದ್ದಿತು. 1819ರಲ್ಲಿ ಹದಿನಾಲ್ಕು ವರ್ಷದ ಬಡ ಹುಡುಗನೊಬ್ಬ ಅಲ್ಲಿಗೆ ಬಂದ. ಮುಂದೆ ಆ ಮತ್ಸ್ಯಕನ್ಯೆಯ ಕಥೆ ಬರೆದ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಅವನೇ. ಸುಟ್ಟ ಚರ್ಚು 1829ರ ಹೊತ್ತಿಗೆ ಮತ್ತೆ ನಿಂತಿತು.

ಮೈಸೂರಿನ ರಾಕೆಟ್ ಅಂದರೆ ನನಗೂ ಎದೆ ಉಬ್ಬುತ್ತೆ. ಆ ಕುಶಲಿಗಳದ್ದೇನೂ ತಪ್ಪಿಲ್ಲ, ಅವರು ತಮ್ಮ ಊರು ಕಾಯೋಕೆ ಅದನ್ನ ಮಾಡಿದರು. ಆದರೆ ಈ ಕಥೆಯನ್ನ ನಾವು ಯಾವಾಗಲೂ ರಾಕೆಟ್ ಹಾರಿದ ಜಾಗದಿಂದಲೇ ಹೇಳ್ತೀವಿ. ಎಂಟೇ ವರ್ಷದಲ್ಲಿ ಅದು ಯಾರದೋ ಮನೆಯ ಮಾಡಿನ ಮೇಲೂ ಬಿತ್ತು. ಇನ್ನು ಮೇಲೆ ಆ ಮನೆಯನ್ನೂ ಕಥೆಗೆ ಸೇರಿಸ್ಕೊಳ್ಳೋಣ.