ಗುಗ್ಗುಳದ ಗಿಡ ಸಾವಿರವಿದ್ದರೂ ತಳಿ ಒಂದೇನಾ? ಹೇಳುತ್ತೆ ಜೆನೆಟಿಕ್ ಮಾರ್ಕರ್

ಮುಂಬೈ: ಯೋಗರಾಜ ಗುಗ್ಗುಲು, ಕಾಂಚನಾರ ಗುಗ್ಗುಲು ಮಾತ್ರೆಗಳು ಮುಂಬೈನ ಯಾವುದೇ ಆಯುರ್ವೇದ ಅಂಗಡಿಯಲ್ಲಿ ಸಿಗುತ್ತವೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಗುಗ್ಗುಳದಿಂದ ರೂಪಿಸಿದ ಕೊಲೆಸ್ಟ್ರಾಲ್ ಔಷಧವನ್ನು ಮಾರುಕಟ್ಟೆಗೆ ತಂದಿದ್ದೂ ಮುಂಬೈ ಮೂಲದ ಸಿಪ್ಲಾ ಕಂಪನಿಯೇ. ಆದರೆ ಈ ಅಂಟು ಕೊಡುವ ಗಿಡ ಅಳಿವಿನ ಅಂಚಿನಲ್ಲಿದೆ.

ಗುಗ್ಗುಳದ ವೈಜ್ಞಾನಿಕ ಹೆಸರು ಕಾಮಿಫೊರಾ ವೈಟಿ. ರಾಜಸ್ಥಾನ, ಗುಜರಾತಿನ ಕಛ್ ಹಾಗೂ ಪಾಕಿಸ್ತಾನದ ಸಿಂಧ್‌ನ ಒಣ ನೆಲದಲ್ಲಿ ಬೆಳೆಯುವ ಮುಳ್ಳಿನ ಪೊದೆ ಇದು. ಹೆಚ್ಚು ಅಂಟಿನ ಆಸೆಗೆ ಕಾಂಡವನ್ನು ಆಳವಾಗಿ ಕೊಚ್ಚಿದರೆ ಗಿಡವೇ ಒಣಗಿ ಸಾಯುತ್ತದೆ. ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಇದನ್ನು ‘ತೀವ್ರ ಅಪಾಯದಲ್ಲಿರುವ’ ಪ್ರಭೇದಗಳ ಪಟ್ಟಿಗೆ ಸೇರಿಸಿದೆ.

ಬೀಜವೂ ತಾಯಿಯ ನಕಲು!

ಹಾಗಾದರೆ ಬೀಜ ಬಿತ್ತಿ ಹೊಸ ಗಿಡ ಬೆಳೆಸಿದರೆ ಸಾಲದೇ? ಸಮಸ್ಯೆ ಇರುವುದೇ ಅಲ್ಲಿ. ಕರ್ನಾಟಕ ಮೂಲದ ಸಸ್ಯವಿಜ್ಞಾನಿ ಎಚ್‌.ವೈ. ಮೋಹನರಾಮ್, ಕೆ.ಆರ್. ಶಿವಣ್ಣ ಹಾಗೂ ಪ್ರೇರಣಾ ಗುಪ್ತಾ 1996ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೆಣ್ಣು ಗುಗ್ಗುಳ ಪರಾಗಸ್ಪರ್ಶವಿಲ್ಲದೆಯೂ ಬೀಜ ಕಟ್ಟುತ್ತದೆ. ಇದಕ್ಕೆ ಅಪೊಮಿಕ್ಸಿಸ್ ಎನ್ನುತ್ತಾರೆ. ಗಂಡು ಗಿಡಗಳಂತೂ ಬಲು ಅಪರೂಪ. ತಂದೆಯಿಲ್ಲದೆ ಹುಟ್ಟಿದ ಸಸಿ ತಾಯಿಯ ಪಡಿಯಚ್ಚು. ಕಡ್ಡಿ ನೆಟ್ಟು ಬೆಳೆಸಿದರೂ ಅಷ್ಟೇ. ಹೀಗೆ ಒಂದೇ ತಾಯಿಯ ಸಾವಿರ ಗಿಡಗಳಿರುವ ತೋಟಕ್ಕೆ ರೋಗವೊಂದು ಬಿದ್ದರೆ ತಡೆದುಕೊಳ್ಳುವ ಗಿಡ ಒಂದೂ ಉಳಿಯದಿರಬಹುದು.

ಮಾರ್ಕರ್ ಹೇಗೆ ಕೆಲಸ ಮಾಡುತ್ತದೆ?

ಕಣ್ಣಿಗೆ ಎಲ್ಲ ಪೊದೆಗಳೂ ಒಂದೇ. ವ್ಯತ್ಯಾಸ ಸಿಗುವುದು ಡಿಎನ್‌ಎಯಲ್ಲಿ. ಅಲ್ಲಿ ಕೆಲವೆಡೆ ಎರಡು-ಮೂರು ಅಕ್ಷರಗಳು ‘ಸಿಎ ಸಿಎ ಸಿಎ’ ಎಂಬಂತೆ ಮತ್ತೆ ಮತ್ತೆ ಬರುತ್ತವೆ. ಇವೇ ಮೈಕ್ರೋಸ್ಯಾಟಲೈಟ್‌ಗಳು. ಒಂದು ಗಿಡದಲ್ಲಿ ಈ ಜೋಡಿ 12 ಸಲ ಬಂದರೆ ಇನ್ನೊಂದರಲ್ಲಿ 15 ಸಲ ಇರಬಹುದು. ಪಿಸಿಆರ್ ಯಂತ್ರದಲ್ಲಿ ಆ ತುಣುಕನ್ನು ಕೋಟಿಗಟ್ಟಲೆ ಪ್ರತಿ ಮಾಡಿ ಉದ್ದ ಅಳೆಯುತ್ತಾರೆ. ಇಂಥ ಹಲವು ಜಾಗಗಳಲ್ಲೂ ಎರಡು ಗಿಡ ಒಂದೇ ಅಳತೆ ತೋರಿದರೆ ಅವು ಒಂದೇ ತಾಯಿಯ ನಕಲುಗಳಾಗಿರುವ ಸಾಧ್ಯತೆ ಹೆಚ್ಚು. ಆರ್‌ಎಪಿಡಿ ಎಂಬ ಹಳೆಯ ವಿಧಾನ ಅಗ್ಗ, ಆದರೆ ಒಂದು ಲ್ಯಾಬ್‌ನ ಫಲಿತಾಂಶ ಇನ್ನೊಂದರಲ್ಲಿ ಹಾಗೇ ಬರುವುದು ಕಷ್ಟ. ಗಿಡದ ಅಂಟು ಡಿಎನ್‌ಎ ಜೊತೆ ಬೆರೆತು ಲ್ಯಾಬ್‌ನಲ್ಲಿ ಕಾಡುವುದೂ ಉಂಟು.

ಯಾವ ಗಿಡ ಬರ ತಾಳುತ್ತದೆ ಎಂಬುದನ್ನು ಈ ಮಾರ್ಕರ್‌ಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಯಾವ ತಾಯಿ ಗಿಡಗಳಿಂದ ಸಸಿ ಮಾಡಬೇಕು ಎಂದು ಆರಿಸಲು ಮಾತ್ರ ಇವು ನೆರವಾಗುತ್ತವೆ.

ಮುಂಬೈನಲ್ಲಿದೆ ಹಳೆಯ ಖಜಾನೆ

ಮರುಭೂಮಿಯ ಗಿಡಗಳಿಗೂ ಮುಂಬೈಗೂ ಹಳೆಯ ನಂಟಿದೆ. ಸೇಂಟ್ ಕ್ಸೇವಿಯರ್ಸ್ ಕಾಲೇಜಿನ ಪ್ರಾಧ್ಯಾಪಕ, ಪಾದ್ರಿ ಎಥೆಲ್‌ಬರ್ಟ್ ಬ್ಲಾಟರ್ ಹಾಗೂ ಎಫ್. ಹಾಲ್‌ಬರ್ಗ್ ಜೋಧಪುರ, ಜೈಸಲ್ಮೇರ್ ಭಾಗದ ಸಸ್ಯಗಳ ಬಗ್ಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕೆಯಲ್ಲಿ 1918ರಿಂದ 1921ರವರೆಗೆ ಸರಣಿ ಬರೆದಿದ್ದರು. 1906ರಲ್ಲಿ ಆರಂಭವಾದ ಕಾಲೇಜಿನ ಬ್ಲಾಟರ್ ಹರ್ಬೇರಿಯಂ ಇಂದಿಗೂ ಇದೆ. ಇಂಥ ಸಂಗ್ರಹಗಳ ಒಣ ಎಲೆಯಿಂದಲೂ ಡಿಎನ್‌ಎ ತೆಗೆಯಬಹುದು. ಅದು ಚೂರುಚೂರಾಗಿರುತ್ತದೆ, ಆದರೂ ನೂರು ವರ್ಷದ ಹಿಂದಿನ ವೈವಿಧ್ಯವನ್ನು ಇಂದಿನದರ ಜೊತೆ ಹೋಲಿಸಲು ಬೇರೆ ದಾರಿ ಇಲ್ಲ. ಪ್ರತಿ ಪರೀಕ್ಷೆಗೂ ಹಳೆಯ ಎಲೆಯ ಒಂದು ಚೂರು ಖರ್ಚಾಗುವುದರಿಂದ ಹರ್ಬೇರಿಯಂಗಳು ಸುಲಭಕ್ಕೆ ಅನುಮತಿ ಕೊಡುವುದಿಲ್ಲ.