ಕಪ್ಪತಗುಡ್ಡದ ಕಾಡು

ಕಪ್ಪತಗುಡ್ಡದ ಕಾಡು ಕರ್ನಾಟಕದ ಗದಗ ಜಿಲ್ಲೆಯ ಗದಗ, ಶಿರಹಟ್ಟಿ ಮತ್ತು ಮುಂಡರಗಿ ತಾಲ್ಲೂಕುಗಳಲ್ಲಿ ಹಬ್ಬಿರುವ, ಬೇಸಿಗೆಯಲ್ಲಿ ಎಲೆಯುದುರಿಸುವ ಒಣ ಅರಣ್ಯ ಹಾಗೂ ಕುರುಚಲು ಕಾಡು. ಗದಗ ಸಮೀಪದ ಬಿಂಕದಕಟ್ಟಿಯಿಂದ ತುಂಗಭದ್ರಾ ತೀರದ ಸಿಂಗಟಾಲೂರಿನವರೆಗೆ ಸುಮಾರು 65 ಕಿ.ಮೀ. ಉದ್ದಕ್ಕೆ ಚಾಚಿರುವ ಬೆಟ್ಟಸಾಲಿನ ಮೇಲೆ ಇದು ನಿಂತಿದೆ. ಔಷಧಿ ಸಸ್ಯಗಳಿಂದಾಗಿ ‘ಉತ್ತರ ಕರ್ನಾಟಕದ ಸಹ್ಯಾದ್ರಿ’ ಎಂದು ಕರೆಯುವುದುಂಟು. ಆದರೆ ಮಳೆಯ ಪ್ರಮಾಣವನ್ನು ನೋಡಿದರೆ ಸಹ್ಯಾದ್ರಿಗೂ ಇದಕ್ಕೂ ಹೋಲಿಕೆಯಿಲ್ಲ. ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ. ಮಾತ್ರ.

ನೆಲ ಮತ್ತು ಸಸ್ಯವರ್ಗ

ಗುಡ್ಡವು ಧಾರವಾಡ ಶಿಲಾಸಮೂಹಕ್ಕೆ ಸೇರಿದ ಅತಿ ಪ್ರಾಚೀನ ಪದರುಶಿಲೆಗಳಿಂದಾಗಿದೆ. ಕಬ್ಬಿಣದ ಅದಿರು ಮತ್ತು ಚಿನ್ನದ ಅಂಶ ಈ ಶಿಲೆಗಳಲ್ಲಿವೆ. ಇಳಿಜಾರಿನಲ್ಲಿ ಮಣ್ಣಿನ ಹೊದಿಕೆ ತೆಳು. ಸುತ್ತಲಿನ ಬಯಲಿನ ಎರೆಭೂಮಿಯಂತೆ ಅದು ನೀರನ್ನು ಬಹುಕಾಲ ಹಿಡಿದಿಡಲಾರದು. ಹೀಗಾಗಿ ಮರಗಳು ಗಿಡ್ಡವಾಗಿ, ಗಂಟುಗಂಟಾಗಿ ಬೆಳೆಯುತ್ತವೆ.

ದಿಂಡಿಗ, ಮಾಶಿವಾಳ, ತುಗ್ಗಲಿ, ಕಗ್ಗಲಿ, ಬೇವು ಮತ್ತು ಶ್ರೀಗಂಧ ಇಂಥ ಕಾಡಿನ ಮುಖ್ಯ ಮರಗಳು. ಅವುಗಳ ನಡುವೆ ಕವಳಿ, ಬಾರಿ, ತಂಗಡಿ ಮತ್ತು ಬಂದರಿಕೆಯ ಪೊದೆಗಳೂ ಆಳೆತ್ತರದ ಹುಲ್ಲೂ ಬೆಳೆಯುತ್ತವೆ. ಕತ್ತೆಕಿರುಬ, ತೋಳ, ಚಿರತೆ, ನರಿ, ಮುಳ್ಳುಹಂದಿ, ನವಿಲು ಇಲ್ಲಿ ನೆಲೆಸಿವೆ. ಬೇಸಿಗೆಯಲ್ಲಿ ದೂರದಿಂದ ನೋಡಿದವರಿಗೆ ಗುಡ್ಡ ಸತ್ತಂತೆ ಕಾಣುತ್ತದೆ; ಅದು ಎಲೆಯುದುರಿಸಿ ನೀರುಳಿಸಿಕೊಳ್ಳುವ ಕ್ರಮವೇ ಹೊರತು ನಾಶವಲ್ಲ.

ಮರುಹುಟ್ಟು

ಇಂಥ ಕಾಡು ಎರಡು ದಾರಿಗಳಲ್ಲಿ ಮರುಹುಟ್ಟು ಪಡೆಯುತ್ತದೆ: ಬೀಜದಿಂದ, ಮತ್ತು ಕಡಿದ ಮೋಟಿನಿಂದ ಇಲ್ಲವೇ ಬೇರಿನಿಂದ ಒಡೆಯುವ ಚಿಗುರಿನಿಂದ. ಎರಡೂ ಹಸಿರಾಗಿಯೇ ಕಾಣುವುದರಿಂದ ನೋಡುವವರು ಸುಲಭವಾಗಿ ಮೋಸಹೋಗುತ್ತಾರೆ. ಮೋಟಿನ ಚಿಗುರಿಗೆ ಹಳೆಯ ಬೇರಿನ ಬಲವಿರುತ್ತದೆ. ಒಂದೆರಡು ಮಳೆಗಾಲದಲ್ಲಿ ಅದು ಆಳೆತ್ತರಕ್ಕೆ ಬರಬಲ್ಲದು. ಬೀಜದ ಸಸಿಗೆ ಆ ಆಸ್ತಿಯಿಲ್ಲ. ಮೊದಲ ಬೇಸಿಗೆ ಬರುವುದರೊಳಗೆ ಅದು ಕಲ್ಲಿನ ಸಂದಿಯಲ್ಲಿ ಬೇರನ್ನು ಆಳಕ್ಕೆ ಇಳಿಸಬೇಕು.

ದಿಂಡಿಗ ಇದಕ್ಕೆ ಉತ್ತಮ ಉದಾಹರಣೆ. ಅದು ಹೇರಳವಾಗಿ ಬೀಜ ಕಟ್ಟುತ್ತದೆ, ಆದರೆ ಅವುಗಳಲ್ಲಿ ಬಹುಪಾಲು ಜೊಳ್ಳು. ಮೊಳೆಯುವವು ಅತಿ ಕಡಿಮೆ. ತುಗ್ಗಲಿ ಮೋಟಿನಿಂದ ಚೆನ್ನಾಗಿ ಚಿಗುರುತ್ತದೆ. ಬೇವು, ಶ್ರೀಗಂಧಗಳ ಬೀಜವನ್ನು ಹಣ್ಣು ತಿಂದ ಹಕ್ಕಿಗಳು ಹರಡುತ್ತವೆ. ಶ್ರೀಗಂಧವಂತೂ ಅರೆಪರಾವಲಂಬಿ, ತನ್ನ ಬೇರನ್ನು ನೆರೆಯ ಗಿಡದ ಬೇರಿಗೆ ಕಚ್ಚಿಸಿ ನೀರು ಮತ್ತು ಲವಣವನ್ನು ಹೀರುತ್ತದೆ. ಆಸರೆಯ ಗಿಡವಿಲ್ಲದ ಬೋಳು ನೆಲದಲ್ಲಿ ಗಂಧದ ಸಸಿ ಏಳಿಗೆ ಹೊಂದದು. ಪೊದೆಯೆಂದರೆ ಕಳೆಯೆಂದು ಸವರಿಹಾಕುವವರು ಈ ಸಂಬಂಧವನ್ನು ಅರಿಯಬೇಕು. ಕವಳಿ, ಬಾರಿಯಂಥ ಮುಳ್ಳುಗಿಡಗಳು ಎಳೆಯ ಸಸಿಗೆ ನೆರಳೂ ಹೌದು, ಆಡಿನ ಬಾಯಿಂದ ಕಾಯುವ ಬೇಲಿಯೂ ಹೌದು.

ಪ್ರಪಂಚದ ಇತರ ಕಾಡುಗಳಲ್ಲಿಯೂ ಇದೇ ಸಮಸ್ಯೆಯಿದೆ. ದಕ್ಷಿಣ ಭಾರತದಲ್ಲಿ ಓಕ್ ಮರ ಸಹಜವಾಗಿ ಬೆಳೆಯುವುದಿಲ್ಲ. ಆದರೆ ಹಿಮಾಲಯದ ಕುಮಾವೂ, ಗಢವಾಲ ಪ್ರದೇಶಗಳ ಬಾಂಜ್ ಓಕ್ ಕಾಡುಗಳಲ್ಲಿ ಮೇವು ಮತ್ತು ಸೌದೆಗಾಗಿ ರೆಂಬೆಗಳನ್ನು ಪದೇಪದೇ ಕಡಿಯುವುದರಿಂದ ಮರಗಳು ಬೀಜ ಕಟ್ಟುವುದು ಕುಗ್ಗುತ್ತದೆ. ಹುಟ್ಟಿದ ಸಸಿಗಳು ದನಗಳ ಪಾಲಾಗುತ್ತವೆ. ಹಳೆಯ ಮರಗಳಿದ್ದೂ ಎಳೆಯವು ಇಲ್ಲದ ಕಾಡು ಹೀಗೆ ಉಂಟಾಗುತ್ತದೆ.

ಕ್ಷೀಣತೆಯ ಕಾರಣಗಳು

ಬೆಂಕಿಯೇ ಇವುಗಳಲ್ಲಿ ಮೊದಲನೆಯದು. ಮಾಘದಿಂದ ಚೈತ್ರದವರೆಗೆ ಒಣಗಿ ನಿಂತ ಹುಲ್ಲಿಗೆ ಒಂದು ಕಿಡಿ ಸಾಕು. ಸುಟ್ಟರೆ ಮಳೆಗಾಲದಲ್ಲಿ ಹುಲ್ಲು ಹಸನಾಗಿ ಬರುತ್ತದೆಂಬ ನಂಬಿಕೆಯಿಂದ ಹಚ್ಚುವವರೂ ಇದ್ದಾರೆ. ಚಿಗುರು ಬೇಗ ಒಡೆಯುವುದು ನಿಜ. ಆದರೆ ದಪ್ಪ ತೊಗಟೆಯ ಮರ ಉಳಿಯುತ್ತದೆ, ಬೆರಳು ದಪ್ಪದ ಸಸಿ ಸಾಯುತ್ತದೆ. ಹೊದಿಕೆ ಸುಟ್ಟ ಇಳಿಜಾರಿನ ಮಣ್ಣನ್ನು ಮೊದಲ ಮಳೆ ಕೊಚ್ಚಿ ಒಯ್ಯುತ್ತದೆ. ಪ್ರತಿವರ್ಷ ಬೆಂಕಿ ಬಿದ್ದಲ್ಲಿ ಹೊಸ ತಲೆಮಾರೇ ಇರುವುದಿಲ್ಲ. ಅರಣ್ಯ ಇಲಾಖೆ ಬೇಸಿಗೆಗೆ ಮುನ್ನ ಹುಲ್ಲು ಸವರಿ ಬೆಂಕಿರೇಖೆಗಳನ್ನು ನಿರ್ಮಿಸುತ್ತದೆ. ಕಡಿದಾದ ಕಣಿವೆಗಳಲ್ಲಿ ಅವುಗಳ ಪ್ರಯೋಜನ ಸೀಮಿತ.

ಮೇಯಿಸುವಿಕೆಯ ಪರಿಣಾಮವನ್ನು ಗಿಡಗಳೇ ಹೇಳುತ್ತವೆ. ಬಂದರಿಕೆ, ತಂಗಡಿಗಳನ್ನು ಜಾನುವಾರುಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಒಂದು ಇಳಿಜಾರು ಇಡಿಯಾಗಿ ಇವುಗಳಿಂದಲೇ ತುಂಬಿದ್ದರೆ, ತಿನ್ನಲು ಬರುವ ಸಸಿಗಳು ಅಲ್ಲಿಂದ ಮಾಯವಾಗಿವೆಯೆಂದು ತಿಳಿಯಬಹುದು. ಆದರೂ ಕುರಿಗಾರರನ್ನಷ್ಟೇ ದೂರುವುದು ನ್ಯಾಯವಲ್ಲ. ಊರಿನ ಗಾಯರಾಣ ಕರಗಿದಷ್ಟೂ ಗುಡ್ಡದ ಮೇಲಿನ ಹೊರೆ ಹೆಚ್ಚುತ್ತದೆ. ಗಂಧದ ಕಳ್ಳರ ಹಾವಳಿ ಬೇರೆ ಬಗೆಯದು. ಬೇರಿನಲ್ಲಿಯೂ ಎಣ್ಣೆಯಿರುವುದರಿಂದ ಅವರು ಮರವನ್ನು ಬೇರುಸಮೇತ ಅಗೆಯುತ್ತಾರೆ. ಅಲ್ಲಿ ಚಿಗುರಲು ಮೋಟೂ ಉಳಿಯದು.

ಗುಡ್ಡದ ನೆತ್ತಿಯ ಗಾಳಿಯಂತ್ರಗಳಿಗಾಗಿ ಕಡಿದ ರಸ್ತೆಗಳು ಕಾಡನ್ನು ತುಂಡುಮಾಡಿವೆ. ಅವು ಮಳೆನೀರಿಗೆ ಹೊಸ ಕಾಲುವೆಗಳೂ ಆಗಿವೆ. ವಿದ್ಯುತ್ ಅಗತ್ಯವೆಂಬುದರಲ್ಲಿ ವಿವಾದವಿಲ್ಲ. ಕಾಡಿನ ನೆತ್ತಿಯೇ ಬೇಕಿತ್ತೇ ಎಂಬುದು ಬೇರೆ ಪ್ರಶ್ನೆ.

ರಕ್ಷಣೆಯ ಇತಿಹಾಸ

ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಸುತ್ತ ಪೋಸ್ಕೋ ಕಂಪನಿಯ ಉಕ್ಕಿನ ಕಾರ್ಖಾನೆಗೆ ಭೂಮಿ ಪಡೆಯುವ ಪ್ರಯತ್ನ 2011ರಲ್ಲಿ ರೈತರ ಹಾಗೂ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳ ವಿರೋಧದಿಂದ ನಿಂತಿತು. 2013ರಲ್ಲಿ ಕಂಪನಿ ಯೋಜನೆಯನ್ನು ಕೈಬಿಟ್ಟಿತು. 2015ರ ಡಿಸೆಂಬರಿನಲ್ಲಿ ಸರ್ಕಾರ 17,872 ಹೆಕ್ಟೇರ್ ಪ್ರದೇಶವನ್ನು ಸಂರಕ್ಷಿತ ಮೀಸಲು ಎಂದು ಘೋಷಿಸಿತು. ಒಂದು ವರ್ಷ ತುಂಬುವ ಮೊದಲೇ, 2016ರ ನವೆಂಬರಿನಲ್ಲಿ, ಆ ಘೋಷಣೆಯನ್ನು ಹಿಂಪಡೆಯಿತು. 2017ರ ಫೆಬ್ರುವರಿಯಲ್ಲಿ ಗದಗಿನಲ್ಲಿ ಸ್ವಾಮಿಗಳ ನೇತೃತ್ವದಲ್ಲಿ ಧರಣಿ ನಡೆಯಿತು. ಏಪ್ರಿಲ್‌ನಲ್ಲಿ ಮೀಸಲು ಸ್ಥಾನ ಮರಳಿತು. 2019ರ ಮೇ ತಿಂಗಳಲ್ಲಿ 244.15 ಚದರ ಕಿ.ಮೀ. ಪ್ರದೇಶ ವನ್ಯಜೀವಿಧಾಮವಾಯಿತು. ಈ ಕಾನೂನು ಗಣಿಯನ್ನು ತಡೆಯಬಲ್ಲದು. ಬೆಂಕಿಯನ್ನು ತಡೆಯಲು ಗುಡ್ಡದಂಚಿನ ಹಳ್ಳಿಗಳ ಸಹಕಾರವೇ ಬೇಕು.

ಮರುಹುಟ್ಟನ್ನು ಗುರುತಿಸುವ ಬಗೆ

ಇಲಾಖೆಯ ಅನುಮತಿ ಪಡೆದು ಹೋಗುವ ವಿದ್ಯಾರ್ಥಿಗಳು ಏನನ್ನೂ ಅಗೆಯದೆ ಇದನ್ನು ಗಮನಿಸಬಹುದು. ಬುಡದಲ್ಲಿ ದಪ್ಪ ಗಂಟು, ಸುಟ್ಟ ಕಲೆ, ಒಂದೇ ಕಡೆಯಿಂದ ಎದ್ದ ಮೂರು-ನಾಲ್ಕು ಕಾಂಡಗಳು ಕಂಡರೆ ಅದು ಮೋಟಿನ ಚಿಗುರು. ಒಂಟಿ ಕಾಂಡವಾಗಿ ನೆಲದಿಂದ ನೇರವಾಗಿ ಎದ್ದ, ಬುಡದಲ್ಲಿ ಗಂಟಿಲ್ಲದ ಎಳೆಯ ಗಿಡ ಬಹುಮಟ್ಟಿಗೆ ಬೀಜದ ಸಸಿ. ಅಳತೆಮಾಡಿದ ಒಂದು ಚೌಕದಲ್ಲಿ ಮೊಣಕಾಲೆತ್ತರದವು, ಎದೆಯೆತ್ತರದವು, ದೊಡ್ಡ ಮರಗಳು ಎಂದು ಬೇರೆಬೇರೆಯಾಗಿ ಎಣಿಸಬೇಕು. ಬೆಂಕಿ ಬಿದ್ದ ಜಾಗ ಮತ್ತು ಬೀಳದ ಜಾಗ ಎರಡರಲ್ಲಿಯೂ, ಮಳೆಗಾಲ ಮುಗಿದಾಗ ಒಮ್ಮೆ, ಮುಂದಿನ ಬೇಸಿಗೆ ಕಳೆದ ಮೇಲೆ ಇನ್ನೊಮ್ಮೆ ಎಣಿಸಿದರೆ ಎಷ್ಟು ಸಸಿಗಳು ಉಳಿದವೆಂಬುದು ತಿಳಿಯುತ್ತದೆ.