ಐಬೀರಿಯದ ಪ್ರಾಗೈತಿಹಾಸಿಕ ಕಂದಕ ಮತ್ತು ಕೋಟೆಗೋಡೆಯ ಆವರಣಗಳು

ಐಬೀರಿಯ ಪರ್ಯಾಯದ್ವೀಪದಲ್ಲಿ, ಅಂದರೆ ಇಂದಿನ ಸ್ಪೇನ್ ಮತ್ತು ಪೋರ್ಚುಗಲ್‌ಗಳಲ್ಲಿ, ನವಶಿಲಾಯುಗ ಮತ್ತು ತಾಮ್ರಯುಗದ ಜನ ಕಲ್ಲಿನ ಗೋಡೆ ಕಟ್ಟಿಯೋ ಕಂದಕ ತೋಡಿಯೋ ಸುತ್ತುವರಿಸಿದ ನೆಲೆಗಳು. ಬಹುಪಾಲು ನೆಲೆಗಳ ಕಾಲ ಕ್ರಿ.ಪೂ. ಸು. 3400ರಿಂದ 2200. ಗೋಡೆಯ ಆವರಣಗಳು ಹೆಚ್ಚಾಗಿ ಆಗ್ನೇಯ ಸ್ಪೇನಿನಲ್ಲೂ ಲಿಸ್ಬನ್ನಿನ ಸುತ್ತಲಿನ ಎಸ್ತ್ರೆಮದುರ ಪ್ರಾಂತದಲ್ಲೂ ಇವೆ. ಕಂದಕದ ಆವರಣಗಳು ಗ್ವಾದಲ್ಕಿವಿರ್ ಮತ್ತು ಗ್ವಾದಿಯಾನ ನದಿಗಳ ಬಯಲು, ದಕ್ಷಿಣ ಪೋರ್ಚುಗಲಿನ ಅಲೆಂತೇಜು, ಮ್ಯಾಡ್ರಿಡ್ ಪರಿಸರ ಹಾಗೂ ದುವೆರೊ ನದಿಯ ಬಯಲಿನಲ್ಲಿ ಹರಡಿವೆ. ಗೋಡೆಗಳು ನೆಲದ ಮೇಲೆ ನಿಂತಿದ್ದರಿಂದ 19ನೆಯ ಶತಮಾನದಲ್ಲೇ ವಿದ್ವಾಂಸರ ಕಣ್ಣಿಗೆ ಬಿದ್ದವು. ಕಂದಕಗಳು ಪ್ರಾಗಿತಿಹಾಸ ಕಾಲದಲ್ಲೇ ಮುಚ್ಚಿಹೋಗಿ ಗೋಧಿ ಹೊಲ, ಆಲಿವ್ ತೋಪುಗಳ ಅಡಿ ಸೇರಿದ್ದವು. ಅವು ಅಧ್ಯಯನದ ಮುನ್ನೆಲೆಗೆ ಬಂದದ್ದು 1990ರ ನಂತರ. ಹಾಗಾಗಿ ಹಳೆಯ ಕೈಪಿಡಿಗಳಲ್ಲಿ ಐಬೀರಿಯದ ತಾಮ್ರಯುಗ ಕೋಟೆಗಳ ಯುಗವಾಗಿಯೇ ಚಿತ್ರಿತವಾಗಿದೆ. ಕಂದಕಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆ ಚಿತ್ರ ನಿಲ್ಲುವುದಿಲ್ಲ.

ಗೋಡೆಗಳು ಮತ್ತು ವಸಾಹತು ವಾದ

ಆಗ್ನೇಯ ಸ್ಪೇನಿನ ಅಲ್ಮೆರಿಯ ಪ್ರಾಂತದ ಲೋಸ್ ಮಿಯಾರೆಸ್ 1891ರಲ್ಲಿ ರೈಲುಮಾರ್ಗದ ಕಾಮಗಾರಿಯ ವೇಳೆ ಬೆಳಕಿಗೆ ಬಂತು. ಬೆಲ್ಜಿಯಮ್ಮಿನ ಗಣಿ ಎಂಜಿನಿಯರ್ ಲೂಯಿ ಸಿರೆ ಮತ್ತು ಅವನ ಮೇಸ್ತ್ರಿ ಪೆದ್ರೊ ಫ್ಲೋರೆಸ್ ಅಲ್ಲಿನ ಬೃಹತ್ ಶಿಲಾಗೋರಿಗಳನ್ನು ಅಗೆದರು. ಅಂದಾರಾಕ್ಸ್ ನದಿಯ ಮೇಲಿನ ಚಾಚುದಿಬ್ಬದ ಮೇಲೆ ಒಂದರೊಳಗೊಂದು ನಾಲ್ಕು ಸುತ್ತು ಗೋಡೆ, ಹೊರಗೆ ಸು. 80 ಗೋರಿಗಳ ಸ್ಮಶಾನ, ಸುತ್ತಲಿನ ಗುಡ್ಡಗಳ ಮೇಲೆ ಹತ್ತಕ್ಕೂ ಹೆಚ್ಚು ಕಿರುಕೋಟೆಗಳು: ಪಶ್ಚಿಮ ಯುರೋಪಿನಲ್ಲಿ ಅಷ್ಟು ಪ್ರಾಚೀನವಾದ ಇಂಥ ಕಟ್ಟೋಣ ಆಗ ಗೊತ್ತಿರಲಿಲ್ಲ. ಲೋಹ ಹುಡುಕಿಕೊಂಡು ಪೂರ್ವದಿಂದ ಸಮುದ್ರಮಾರ್ಗವಾಗಿ ಬಂದವರ ನೆನಪು ಇದರಲ್ಲಿದೆಯೆಂದು ಸಿರೆ ಬಗೆದು ಫಿನೀಷಿಯನರತ್ತ ಬೆರಳು ಮಾಡಿದ. ಫ್ಲೋರೆಸ್‌ನ ಟಿಪ್ಪಣಿಗಳಲ್ಲಿದ್ದ ಗೋರಿಗಳ ವಿವರವನ್ನು ಜರ್ಮನಿಯ ಗೆಯೋರ್ಗ್ ಮತ್ತು ವೆರಾ ಲೈಸ್ನರ್ ದಂಪತಿ 1943ರಲ್ಲಿ ಪ್ರಕಟಿಸಿದರು. ಊರಿನ ಗೋಡೆಗಳ ವ್ಯವಸ್ಥಿತ ಉತ್ಖನನ ನಡೆದದ್ದು ಇನ್ನೂ ತಡವಾಗಿ, 1950ರ ದಶಕದಲ್ಲಿ. ಅದನ್ನು ನಡೆಸಿದ ಮಾರ್ತಿನ್ ಅಲ್ಮಾಗ್ರೊ ಮತ್ತು ಅಂತೋನಿಯೊ ಅರ್ರಿಬಾಸ್ ಅವರ ಗ್ರಂಥ ಬಂದದ್ದು 1963ರಲ್ಲಿ.

ಪೋರ್ಚುಗಲಿನಲ್ಲಿ ಲಿಸ್ಬನ್ ಹತ್ತಿರದ ಲೆಸೈಯ ನೆಲೆಯನ್ನು ಭೂವಿಜ್ಞಾನಿ ಕಾರ್ಲುಸ್ ರಿಬೈರು 1878ರಲ್ಲೇ ದಾಖಲಿಸಿದ್ದ. ಅದರ ವಿಸ್ತಾರ ಉತ್ಖನನವನ್ನು ಜುವಾವ್ ಲುಯೀಸ್ ಕಾರ್ದೋಜು 1983ರಿಂದ ನಡೆಸಿದರು. ವಿಲ ನೋವ ದೆ ಸಾವ್ ಪೆದ್ರುವಿನಲ್ಲಿ 1937ರಿಂದ ಯುಜೇನಿಯು ಜಲ್ಯಾಯಿ ಮತ್ತು ಅಫೋನ್ಸು ದು ಪಾಸು ಅಗೆದರು. ತೋರಿಶ್ ವೆದ್ರಾಶ್ ಬಳಿಯ ಜಾಂಬುಜಾಲ್‌ನಲ್ಲಿ 1964ರಿಂದ 1973ರವರೆಗೆ ಎದ್ವರ್ಡ್ ಸಾಂಗ್ಮೈಸ್ಟರ್ ಮತ್ತು ಹೆರ್ಮಾನ್‌ಫ್ರೀಡ್ ಶುಬಾರ್ಟ್ ಕೆಲಸ ಮಾಡಿದರು. ಗಾರೆಯಿಲ್ಲದೆ ಪೇರಿಸಿದ ಕಲ್ಲಿನ ಗೋಡೆ, ಅರ್ಧವೃತ್ತದ ಕೊತ್ತಲ, ಬಾಗಿಲ ಮುಂದೆ ಬಾಣಬಿಡುವ ಕಂಡಿಗಳುಳ್ಳ ಕಾವಲುಕಟ್ಟು ಇವೆಲ್ಲ ಜಾಂಬುಜಾಲ್‌ನಲ್ಲಿ ಸ್ಪಷ್ಟವಾಗಿದ್ದವು. ಅದನ್ನು ಮತ್ತೆ ಮತ್ತೆ ದಪ್ಪಗೊಳಿಸಿ ಮರುರೂಪಿಸಿದ್ದರು ಎಂಬುದನ್ನು ಪದರ ಪದರವಾಗಿ ತೋರಿಸಿಕೊಟ್ಟದ್ದು ಆ ಉತ್ಖನನದ ದೊಡ್ಡ ಸಾಧನೆ.

ಈ ಕೊತ್ತಲಗಳಿಗೆ ಏಜಿಯನ್ ಸಮುದ್ರದ ಸಿರೊಸ್ ದ್ವೀಪದ ಖಲಾಂದ್ರಿಯಾನಿಯ ಕೋಟೆಯೊಂದಿಗೆ ಇರುವ ಹೋಲಿಕೆಯೇ ವಸಾಹತು ವಾದದ ಬೆನ್ನೆಲುಬು. 1961ರಲ್ಲಿ ಬಿಯಾಟ್ರಿಸ್ ಬ್ಲಾನ್ಸ್ ಇವನ್ನು ಪೂರ್ವದಿಂದ ಬಂದವರ ವಸಾಹತುಗಳೆಂದು ವಾದಿಸಿದರು. ಅದಾದ ಆರೇ ವರ್ಷಕ್ಕೆ ಕಾಲಿನ್ ರೆನ್‌ಫ್ರೂ, ಹೋಲಿಕೆಗಳು ಮೇಲುಮೇಲಿನವು, ಕಾಲವೂ ತಾಳೆಯಾಗುವುದಿಲ್ಲ ಎಂದು ಅದನ್ನು ಒಂದೊಂದಾಗಿ ಬಿಡಿಸಿಟ್ಟರು. ರೇಡಿಯೋ ಕಾರ್ಬನ್ ಕಾಲಗಣನೆಯನ್ನು ಮರದ ಉಂಗುರಗಳ ಲೆಕ್ಕದೊಂದಿಗೆ ಸರಿಹೊಂದಿಸಿದ ಮೇಲೆ ಐಬೀರಿಯದ ಗೋಡೆಗಳು ಏಜಿಯನ್ ಮಾದರಿಗಿಂತ ಶತಮಾನಗಳಷ್ಟು ಹಳೆಯವೆಂದು ಖಚಿತವಾಯಿತು. ಮಗ ತಂದೆಗಿಂತ ಮೊದಲು ಹುಟ್ಟಿದನೆಂದು ವಾದಿಸಲು ಯಾರಿಗೂ ಸಾಧ್ಯವಿರಲಿಲ್ಲ. ಆಮೇಲೆ ಅಂತೋನಿಯೊ ಗಿಲ್ಮನ್, ರಾಬರ್ಟ್ ಚಾಪ್‌ಮನ್ ಮುಂತಾದವರು ಪ್ರಶ್ನೆಯನ್ನೇ ಬದಲಿಸಿದರು: ಒಣಭೂಮಿಯ ಬೇಸಾಯ, ನೀರಿನ ಹತೋಟಿ, ಸಂಪತ್ತಿನ ಶೇಖರಣೆಗಳಿಂದ ಸ್ಥಳೀಯ ಸಮಾಜದೊಳಗೇ ಅಸಮಾನತೆ ಹೇಗೆ ಬೆಳೆಯಿತು? ಹೊರಗಿನವರು ಮರೆಯಾದರು, ಆದರೆ ಕೋಟೆ ಕೋಟೆಯಾಗಿಯೇ ಉಳಿಯಿತು. ಗೋಡೆ ಇದ್ದದ್ದು ರಕ್ಷಣೆಗೆ ಎಂಬುದು ಆಗಲೂ ವಾದದ ವಸ್ತುವಾಗಿರಲಿಲ್ಲ.

ಕಂದಕಗಳು ಕಾಣದೆ ಉಳಿದ ಕಾಲ

ಕಂದಕಗಳ ಸುಳಿವು ಸಂಪೂರ್ಣ ಇಲ್ಲದಿರಲಿಲ್ಲ. ಸೆವಿಲ್ ಪ್ರಾಂತದ ಕಾರ್ಮೋನ ಬಳಿಯ ಕಾಂಪೊ ರಿಯಲ್‌ನಲ್ಲಿ ನೆಲದಡಿಯ ಹಗೇವುಗಳಂಥ ಗುಂಡಿಗಳನ್ನು ಜಾರ್ಜ್ ಬಾನ್ಸರ್ 1899ರಲ್ಲಿ ವರದಿ ಮಾಡಿದ. ಅಲ್ಲಿಂದ ಮುಂದೆ ಸುಮಾರು ಎಂಟು ದಶಕ ಇಂಥ ನೆಲೆಗಳನ್ನು ‘ಹಗೇವುಗಳ ಬಯಲು’ ಎಂದು ಕರೆದು ಮುಂದೆ ಸಾಗುವುದು ವಾಡಿಕೆಯಾಯಿತು. ಗುಂಡಿಗಳು ಎಣಿಕೆಗೆ ಸಿಕ್ಕವು, ಗುಂಡಿಗಳ ಸುತ್ತಲಿದ್ದ ವರ್ತುಲ ಸಿಗಲಿಲ್ಲ. ಪದರಗಳ ಅನುಕ್ರಮ ನೋಡಲು ತೆಗೆಯುತ್ತಿದ್ದ ಕಿರಿದಾದ ಅಗೆತದಲ್ಲಿ ನೂರಾರು ಮೀಟರ್ ಬಳಸಿ ಬರುವ ಕಂದಕದ ಒಂದು ತುಂಡಷ್ಟೇ ಕಂಡು, ಅದು ಕಾಲುವೆಯೋ ಗುಡಿಸಲ ತಗ್ಗೋ ಆಗಿಬಿಡುತ್ತಿತ್ತು. ಬ್ರಿಟನ್ನಿನಲ್ಲಿ ಮೊದಲ ಮಹಾಯುದ್ಧದ ನಂತರ ಬೆಳೆದ ವೈಮಾನಿಕ ಪುರಾತತ್ತ್ವದ ಪರಂಪರೆ ಇಲ್ಲಿ ಬೇರೂರಿರಲಿಲ್ಲ. ವಿದ್ವಾಂಸರ ಆಸಕ್ತಿಯೂ ಗೋರಿಗಳಲ್ಲೇ ನೆಟ್ಟಿತ್ತು. ಈ ತಡವಾದ ಗುರುತಿಸುವಿಕೆಯನ್ನೇ ವಿಷಯವಾಗಿಸಿ ವಿಕ್ತೋರ್ ಹಿಮೇನೆಸ್ ಹೈಮೆಸ್ 2015ರಲ್ಲಿ ಬರೆದ ಪ್ರಬಂಧ ಈ ಅಧ್ಯಾಯದ ಅತ್ಯುತ್ತಮ ಲೆಕ್ಕಪತ್ರ. ಅಗೆದವರ ದೃಷ್ಟಿಕೋನ ಎಷ್ಟರಮಟ್ಟಿಗೆ ಪುರಾವೆಯನ್ನೇ ರೂಪಿಸುತ್ತದೆ ಎಂಬುದಕ್ಕೆ ಈ ಪ್ರಸಂಗ ಪಾಠದಂತಿದೆ.

1970ರ ದಶಕದಲ್ಲಿ ಮೂರು ನೆಲೆಗಳು ದಾರಿ ತೆರೆದವು: ಉಎಲ್ವ ಬಳಿಯ ಪಾಪ ಊವಾಸ್, ಸೆವಿಲ್ ಹತ್ತಿರದ ವಲೆನ್ಸಿನ ದೆ ಲ ಕೊನ್ಸೆಪ್ಸಿಯೋನ್, ಮತ್ತು ಬದಹೋಸ್ ಪ್ರಾಂತದ ಲಾ ಪಿಹೊತಿಯ. ಕೊನೆಯದರಲ್ಲಿ ವಿಕ್ತೋರ್ ಉರ್ತಾದೊ ಗುರುತಿಸಿದ ಹೊರ ಕಂದಕದ ಅಡ್ಡಳತೆ ಹತ್ತಿರ ಹತ್ತಿರ ಒಂದು ಕಿಲೋಮೀಟರ್. ಪೋರ್ಚುಗಲಿನಲ್ಲಿ 1980ರ ದಶಕದಲ್ಲಿ ಸಾಂತ ವಿತೋರಿಯ ಮತ್ತು ಪೋರ್ತು ತೊರ್ರಾವ್ ಸೇರಿಕೊಂಡವು. ಆದರೂ ಒಟ್ಟು ಸಂಖ್ಯೆ ಬೆರಳೆಣಿಕೆ ಮೀರಿರಲಿಲ್ಲ.

ಪ್ರವಾಹದಂತೆ ಮಾಹಿತಿ ಬಂದದ್ದು ಸಂಶೋಧನಾ ಯೋಜನೆಗಳಿಂದಲ್ಲ, ಕಟ್ಟಡ ಮತ್ತು ನೀರಾವರಿ ಕಾಮಗಾರಿಗಳಿಂದ. ಸ್ಪೇನಿನಲ್ಲಿ 1985ರ ಪರಂಪರೆ ಕಾಯ್ದೆ ಹಾಗೂ ಪ್ರಾಂತೀಯ ಸ್ವಾಯತ್ತೆ, ಪೋರ್ಚುಗಲಿನಲ್ಲಿ 1997ರಲ್ಲಿ ಸ್ಥಾಪನೆಯಾದ ಪುರಾತತ್ತ್ವ ಸಂಸ್ಥೆ, ಕಾಮಗಾರಿಗೆ ಮುನ್ನ ಉತ್ಖನನ ನಡೆಸುವ ಪದ್ಧತಿಯನ್ನು ಬಲಪಡಿಸಿದವು. ಹಾಏನ್ ನಗರ 1990ರ ದಶಕದಲ್ಲಿ ಬಡಾವಣೆ ಕಟ್ಟಲು ಹೊರಟಾಗ ಮರ್ರೊಕಿಯೆಸ್ ಬಾಹೋಸ್‌ನಲ್ಲಿ ಒಂದರ ಸುತ್ತ ಒಂದರಂತೆ ಕಂದಕಗಳು ಬಯಲಾದವು. ನೆಲೆಯ ವಿಸ್ತೀರ್ಣ 113 ಹೆಕ್ಟೇರ್. ಇಂದು ಅದರ ಬಹುಭಾಗದ ಮೇಲೆ ಮನೆಗಳಿವೆ. ಗ್ವಾದಿಯಾನ ನದಿಯ ಅಲ್ಕೇವ ಅಣೆಕಟ್ಟಿನ ಬಾಗಿಲು ಮುಚ್ಚಿದ್ದು 2002ರಲ್ಲಿ. ಗೋಡೆ ಮತ್ತು ಕಂದಕ ಎರಡೂ ಇದ್ದ ಚೇಲೆಸ್‌ನ ಸಾನ್ ಬ್ಲಾಸ್ ನೆಲೆ ಅದರ ಹಿನ್ನೀರಿಗೆ ಸೇರಿತು. ಅದೇ ಯೋಜನೆಯ ಕಾಲುವೆಗಳ ಹಾದಿಯಲ್ಲಿ ಅಲೆಂತೇಜುವಿನ ಹೊಸ ಆವರಣಗಳು ಸಾಲುಸಾಲಾಗಿ ಹೊರಬಂದವು. ಆಮೇಲೆ ಉಪಗ್ರಹ ಚಿತ್ರ ಮತ್ತು ಕಾಂತಮಾಪನ ಸಮೀಕ್ಷೆಗಳು ಅಗೆಯದೆಯೇ ಪೂರ್ಣ ನಕ್ಷೆ ಕೊಡತೊಡಗಿದವು. ಹೂವಿನ ಎಸಳಿನಂತೆ ಬಳುಕುತ್ತ ಸಾಗುವ ಸಾಂತ ವಿತೋರಿಯ ಮಾದರಿಯ ಕಂದಕಗಳು ಬಿಡಿ ವಿಚಿತ್ರವಲ್ಲ, ಒಂದು ಪ್ರಾದೇಶಿಕ ರೂಢಿ ಎಂದು ತಿಳಿದದ್ದು ಹೀಗೆ.

ಪೆರ್ದಿಗೋಯಿಸ್

ಈ ವಿಷಯದ ಚರ್ಚೆಯನ್ನು ಅತಿ ಹೆಚ್ಚು ಬದಲಿಸಿದ ನೆಲೆ ಅಲೆಂತೇಜುವಿನ ರೆಗೆಂಗುಶ್ ದೆ ಮೊನ್ಸರಾಶ್ ಬಳಿಯ ಪೆರ್ದಿಗೋಯಿಸ್. 1996ರಲ್ಲಿ ದ್ರಾಕ್ಷಿ ತೋಟಕ್ಕಾಗಿ ಆಳವಾಗಿ ಉಳುವಾಗ ಕಂದಕದ ವರ್ತುಲಗಳೂ ಗೋರಿಗಳೂ ಮೇಲೆದ್ದವು. ಜಮೀನಿನ ಒಡೆತನವಿದ್ದ ಎಸ್ಪೊರಾವ್ ವೈನ್ ಸಂಸ್ಥೆ ನೆಡುವುದನ್ನು ಕೈಬಿಟ್ಟು ನೆಲೆಯನ್ನು ಸಂಶೋಧನೆಗೆ ಬಿಟ್ಟುಕೊಟ್ಟಿತು. 1997ರಿಂದ ಎರಾ ಆರ್ಕಿಯೊಲೊಜಿಯ ಸಂಸ್ಥೆ ಅಲ್ಲಿ ಅಗೆಯುತ್ತಿದೆ; ಸಂಶೋಧನೆಯ ನೇತೃತ್ವ ಅಂತೋನಿಯು ಕಾರ್ಲುಸ್ ವಲೇರ ಅವರದು. 2009ರ ಕಾಂತಮಾಪನದಲ್ಲಿ ಸು. 16 ಹೆಕ್ಟೇರಿನ ನೆಲೆಯ ತುಂಬ ಹತ್ತಕ್ಕೂ ಹೆಚ್ಚು ಕಂದಕಗಳು ಕಂಡವು. ಇಡೀ ನೆಲೆ ಪೂರ್ವಕ್ಕೆ ತೆರೆದುಕೊಂಡ ಬೋಗುಣಿಯಾಕಾರದ ತಗ್ಗಿನಲ್ಲಿದೆ. ಹೊರ ಕಂದಕದ ಬಾಗಿಲುಗಳು ದಕ್ಷಿಣಾಯನ ಮತ್ತು ಉತ್ತರಾಯಣ ಆರಂಭದ ದಿನಗಳ ಸೂರ್ಯೋದಯದ ದಿಕ್ಕಿಗೆ ಹೊಂದುತ್ತವೆ. ರಕ್ಷಣೆಯೇ ಗುರಿಯಾಗಿದ್ದರೆ ಸುತ್ತಲಿನ ಎತ್ತರ ಬಿಟ್ಟು ಯಾರೂ ತಗ್ಗನ್ನು ಆರಿಸುತ್ತಿರಲಿಲ್ಲ ಎಂಬ ವಾದಕ್ಕೆ ಇದಕ್ಕಿಂತ ಒಳ್ಳೆಯ ಆಧಾರ ಬೇರೆ ಇಲ್ಲ.

ಕಂದಕಗಳೆಲ್ಲ ಏಕಕಾಲದವಲ್ಲ. ಮೊದಲನೆಯವು ಕ್ರಿ.ಪೂ. ಸು. 3400ರವು, ಒಂದು ಮುಚ್ಚಿದ ಮೇಲೆ ಇನ್ನೊಂದನ್ನು ತೋಡುತ್ತ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಈ ಕೆಲಸ ಸಾಗಿತು. ತುಂಬಿದ ಮಣ್ಣಿನಲ್ಲಿ ಮಡಕೆಚೂರು, ಪ್ರಾಣಿಗಳ ಮೂಳೆ, ಮನುಷ್ಯರ ಮೂಳೆಗಳ ಬಿಡಿ ಭಾಗಗಳು ಸಿಗುತ್ತವೆ. ಕೆಲವನ್ನು ಬೇಕೆಂದೇ ಜೋಡಿಸಿಟ್ಟಂತಿದೆ. ನೆಲೆಯ ನಡುಭಾಗದ ಗುಂಡಿಗಳಲ್ಲಿ ಸುಟ್ಟ ಮಾನವ ಅವಶೇಷಗಳ ಜೊತೆ ದಂತದ ಪುಟ್ಟ ಮಾನವ ಪ್ರತಿಮೆಗಳಿದ್ದವು. ಹಲ್ಲು ಮತ್ತು ಮೂಳೆಗಳ ಸ್ಟ್ರಾನ್ಷಿಯಂ ವಿಶ್ಲೇಷಣೆಯಿಂದ ಇಲ್ಲಿ ಮಣ್ಣಾದವರಲ್ಲಿ ಗಣನೀಯ ಭಾಗ ಹೊರಗಿನಿಂದ ಬಂದವರೆಂದು ತಿಳಿದುಬಂದಿದೆ. 2020ರಲ್ಲಿ ಪ್ರಕಟವಾದ ಮರದ ಕಂಬಗಳ ವೃತ್ತಾಕಾರದ ರಚನೆಯ ಅಡ್ಡಳತೆ 20 ಮೀಟರಿಗಿಂತ ಹೆಚ್ಚು, ಕಾಲ ಕ್ರಿ.ಪೂ. 2800–2600. ವಲೇರ ಅವರ ನಿಲುವಿನಲ್ಲಿ ಇದು ಜನ ಕೂಡುವ, ಸತ್ತವರನ್ನು ತರುವ, ಲೋಕದ ಕ್ರಮವನ್ನು ನೆಲದ ಮೇಲೆ ಬರೆಯುವ ತಾಣ.

ಊರೇ, ಸಂತೆಯೇ, ಸ್ಮಾರಕವೇ?

ಮುಖ್ಯ ವಿವಾದ ಕಂದಕ ಏಕೆ ಮುಚ್ಚಿತು ಎಂಬಲ್ಲಿಂದ ಹೊರಡುತ್ತದೆ. ಹಳೆಯ ಓದಿನಲ್ಲಿ ಕಂದಕ ರಕ್ಷಣೆಗೆ, ನೀರು ಹರಿಸಲು ಅಥವಾ ದನ ಕೂಡಲು. ಬಳಕೆ ತಪ್ಪಿದ ಮೇಲೆ ಅದು ಕಸದ ತಿಪ್ಪೆ. ಮರ್ರೊಕಿಯೆಸ್ ಬಾಹೋಸ್‌ನಲ್ಲಿ ಅಗೆದವರು ನೀರು ಹರಿದ ಕುರುಹು ಕಂಡು ಜಲವ್ಯವಸ್ಥೆಯ ವಾದ ಮುಂದಿಟ್ಟರು. ಫ್ರಾನ್ಸಿಸ್ಕೊ ನೊಸೆತೆ ಗ್ವಾದಲ್ಕಿವಿರ್ ಕಣಿವೆಯಲ್ಲಿ ಪ್ರಾಚೀನ ರಾಜ್ಯವೊಂದನ್ನೂ ವಲೆನ್ಸಿನದಲ್ಲಿ ಅದರ ಕೇಂದ್ರವನ್ನೂ ಕಂಡರು. ಇದಕ್ಕೆ ಎದುರಾಗಿ ಹೊಸೆ ಎನ್ರಿಕೆ ಮಾರ್ಕೆಸ್ ರೊಮೇರೊ ಮತ್ತು ಹಿಮೇನೆಸ್ ಹೈಮೆಸ್ 2010ರ ತಮ್ಮ ಗ್ರಂಥದಲ್ಲಿ, ಕಂದಕಗಳನ್ನು ತುಂಡುತುಂಡಾಗಿ ತೋಡಿ ಬೇಗನೆ ಉದ್ದೇಶಪೂರ್ವಕವಾಗಿ ತುಂಬುತ್ತಿದ್ದರು, ಖಾಯಂ ಮನೆಗಳ ಕುರುಹು ವಿರಳ, ಆದ್ದರಿಂದ ಊರೆಂಬ ಕಲ್ಪನೆಯನ್ನೇ ಬಿಡಬೇಕು ಎಂದರು. ಮ್ಯಾಡ್ರಿಡ್ ಪ್ರದೇಶದ ಆವರಣಗಳನ್ನು ಅಭ್ಯಸಿಸಿದ ಪೆದ್ರೊ ದಿಯಾಸ್ ದೆಲ್ ರಿಯೊ ಶ್ರಮದ ಕಡೆಯಿಂದ ಯೋಚಿಸಿದರು: ಇಷ್ಟು ಮಣ್ಣು ಎತ್ತಲು ಎಷ್ಟು ಜನ ಸೇರಬೇಕು, ಅವರನ್ನು ಒಟ್ಟಿಗೆ ಹಿಡಿದಿಟ್ಟದ್ದೇನು? ಈ ಕೊನೆಯ ಪ್ರಶ್ನೆಯೇ ಹೆಚ್ಚು ಫಲ ಕೊಟ್ಟಿದೆ, ಏಕೆಂದರೆ ಅದಕ್ಕೆ ಒಂದೇ ಬಗೆಯ ಉತ್ತರ ಎಲ್ಲ ನೆಲೆಗಳಿಗೂ ಹೊಂದಬೇಕಾಗಿಲ್ಲ.

ವಲೆನ್ಸಿನದ ಉದಾಹರಣೆಯಲ್ಲಿ ಈ ಬಿಕ್ಕಟ್ಟು ಎದ್ದು ಕಾಣುತ್ತದೆ. ಸು. 450 ಹೆಕ್ಟೇರ್ ಹರಡಿರುವ ಈ ನೆಲೆಯ ಲಾ ಪಾಸ್ತೋರ ಗೋರಿ 1860ರಿಂದಲೇ ಪ್ರಸಿದ್ಧ. ಇಷ್ಟು ವಿಸ್ತಾರವನ್ನು ನಗರವೆಂದು ಓದುವ ಮೊದಲು ಅದರ ಯಾವ ಭಾಗ ಯಾವ ಶತಮಾನದ್ದು ಎಂದು ಕೇಳಬೇಕು ಎಂಬುದು ಲಿಯೊನಾರ್ದೊ ಗಾರ್ಸಿಯ ಸಾನ್‌ಹುವಾನ್ ಮತ್ತು ಸಂಗಡಿಗರ ಕಾಲಗಣನೆಯ ಅಧ್ಯಯನಗಳ ಸಾರ. ಅಲ್ಲಿ 2008ರಲ್ಲಿ ಸಿಕ್ಕ, ಆನೆದಂತ ಮತ್ತಿತರ ಅಮೂಲ್ಯ ವಸ್ತುಗಳ ಜೊತೆ ಸಮಾಧಿಯಾದ ವ್ಯಕ್ತಿಯನ್ನು ಮೊದಲು ಪುರುಷನೆಂದು ಬಗೆಯಲಾಗಿತ್ತು. 2023ರಲ್ಲಿ ಹಲ್ಲಿನ ಎನಾಮಲ್‌ನ ಪ್ರೋಟೀನ್ ಪರೀಕ್ಷೆಯಿಂದ ಅದು ಮಹಿಳೆಯೆಂದು ಗೊತ್ತಾಯಿತು. ಅಧಿಕಾರವೆಂದರೆ ಗಂಡಸಿನ ಕೋಟೆಯೆಂಬ ಊಹೆಯ ಮೇಲೆ ಕಟ್ಟಿದ ವಿವರಣೆಗಳನ್ನು ಇದು ಮರುಪರಿಶೀಲನೆಗೆ ಎಳೆದಿದೆ.

ಕಂದಕಗಳ ಚರ್ಚೆಯ ಬಿಸಿ ಗೋಡೆಗಳಿಗೂ ತಟ್ಟಿತು. ಉತ್ತರ ಪೋರ್ಚುಗಲಿನ ಕಾಸ್ತೆಲು ವೆಲ್ಯು ದೆ ಫ್ರೈಶು ದೆ ನುಮಾವ್ ಅನ್ನು 1989ರಿಂದ ಅಗೆದ ಸುಜಾನ ಒಲಿವೈರ ಜೊರ್ಜೆ ಮೊದಲು ಅದನ್ನು ಕೋಟೆಯ ಊರೆಂದು ವರ್ಣಿಸಿ, ಆಮೇಲೆ ಗೋಡೆಯಲ್ಲಿನ ಹಲವು ಕಿರುಬಾಗಿಲುಗಳನ್ನೂ ಒಳಗಿನ ಮಾನವ ಮೂಳೆಗಳ ನಿಕ್ಷೇಪವನ್ನೂ ತೂಗಿ ಸ್ಮಾರಕವೆಂದು ಮರುವ್ಯಾಖ್ಯಾನಿಸಿದರು. ಲೋಸ್ ಮಿಯಾರೆಸ್ ಮತ್ತು ಜಾಂಬುಜಾಲ್‌ಗಳ ವಿಷಯದಲ್ಲಿ ಅಷ್ಟು ದೂರ ಹೋಗಲು ಆಧಾರ ಸಾಲದು. ಬಾಣಕಂಡಿಗಳೂ ಹೇರಳ ಬಾಣದ ಮೊನೆಗಳೂ ಅಲ್ಲಿ ಹೊಡೆದಾಟದ ಭಯವನ್ನು ಹೇಳುತ್ತವೆ. ಗೋಡೆ ಮತ್ತು ಕಂದಕ ಎರಡು ಬೇರೆ ಸಂಸ್ಕೃತಿಗಳ ಗುರುತೆಂಬ ವಿಂಗಡಣೆಯೂ ಬಿಗಿಯಾಗಿ ನಿಲ್ಲದು: ಲೋಸ್ ಮಿಯಾರೆಸ್‌ನ ಒಂದನೆಯ ಕಿರುಕೋಟೆಯ ಸುತ್ತ ಕಂದಕವಿದೆ, ಸಾನ್ ಬ್ಲಾಸ್‌ನಲ್ಲೂ ಎರಡೂ ಇದ್ದವು. ಕಲ್ಲು ಸಿಗುವಲ್ಲಿ ಗೋಡೆ, ಮೆದು ನೆಲವಿರುವಲ್ಲಿ ಕಂದಕ ಎಂಬ ಭೂವಿವರಣೆ ಸ್ವಲ್ಪಮಟ್ಟಿಗೆ ಸರಿ, ಪೂರ್ತಿಯಾಗಿ ಅಲ್ಲ.

ಆರಂಭ ಮತ್ತು ಅಂತ್ಯ

ಆರಂಭದ ತುದಿಯಲ್ಲಿ ಅಲಿಕಾಂತೆ ಪ್ರಾಂತದ ಮಾಸ್ ದಿಸ್ ಇದೆ. ಹುವಾನ್ ಬೆರ್ನಬೆಉ ತಂಡ ಅಲ್ಲಿನ ದೊಡ್ಡ ಕಂದಕಗಳಲ್ಲಿ ಹಳೆಯವನ್ನು ಕ್ರಿ.ಪೂ. 6ನೆಯ ಸಹಸ್ರಮಾನಕ್ಕೆ, ಅಂದರೆ ಐಬೀರಿಯದ ಮೊದಲ ರೈತರ ಕಾಲಕ್ಕೆ ಹಾಕಿದೆ. ಅಲ್ಲಿಂದ ಕ್ರಿ.ಪೂ. 4ನೆಯ ಸಹಸ್ರಮಾನದ ಕಂದಕಗಳವರೆಗೆ ಅಖಂಡ ಪರಂಪರೆ ಇತ್ತೆಂದು ತೋರಿಸುವ ಸರಪಣಿ ಇನ್ನೂ ಕೂಡಿಲ್ಲ.

ಕ್ರಿ.ಪೂ. 2300–2200ರ ಸುಮಾರಿಗೆ ಆವರಣಗಳು ಹೆಚ್ಚುಕಡಿಮೆ ಒಟ್ಟಿಗೆ ಕೈಬಿಟ್ಟುಹೋದವು. ಇದೇ ಕಾಲದಲ್ಲಿ ವಿಸ್ತಾರ ಪ್ರದೇಶಗಳಲ್ಲಿ ಹವಾಮಾನ ಒಣಗಿದ ಸೂಚನೆಗಳಿವೆ. 2019ರಲ್ಲಿ ಪ್ರಕಟವಾದ ಪ್ರಾಚೀನ ಡಿಎನ್‌ಎ ಅಧ್ಯಯನವೊಂದು, ಹುಲ್ಲುಗಾವಲು ಮೂಲದ ವಂಶಾಂಶವುಳ್ಳ ಜನ ಕ್ರಿ.ಪೂ. 2500ರ ನಂತರ ಬಂದು ಕ್ರಿ.ಪೂ. 2000ರ ಹೊತ್ತಿಗೆ ಸ್ಥಳೀಯ ವಂಶಾಂಶದ ಸು. 40 ಪ್ರತಿಶತವನ್ನೂ ಗಂಡು ವಂಶಾವಳಿಗಳನ್ನು ಹತ್ತಿರ ಹತ್ತಿರ ಪೂರ್ತಿಯಾಗಿಯೂ ಬದಲಿಸಿದರೆಂದು ತೋರಿಸಿತು. ಬರಗಾಲ, ಹೊಸ ಜನ, ಒಳಗಿನ ಒಡಕು ಇವುಗಳಲ್ಲಿ ಒಂದನ್ನೇ ಕಾರಣವಾಗಿ ಆರಿಸುವುದು ಅವಸರವಾದೀತು. ಪೆರ್ದಿಗೋಯಿಸ್ ಸಹಿತ ಹಲವು ಕಡೆ ಕಂದಕ ತೋಡುವುದು ನಿಲ್ಲುವ ಮೊದಲೇ ಬಳಕೆ ಕ್ಷೀಣಿಸಿತ್ತೋ ಎಂಬುದನ್ನು ಪ್ರತಿ ಕಂದಕದ ಪ್ರತ್ಯೇಕ ಕಾಲಗಣನೆಯಿಂದಲೇ ನಿರ್ಧರಿಸಬೇಕು. ಅನಂತರದ ಕಂಚಿನ ಯುಗದಲ್ಲಿ ಆಗ್ನೇಯದ ಎಲ್ ಅರ್ಗಾರ್ ಜನ ಕಡಿದಾದ ಬೆಟ್ಟಗಳ ಮೇಲೆ ಊರು ಕಟ್ಟಿ ಸತ್ತವರನ್ನು ಮನೆಯ ನೆಲದಡಿಯಲ್ಲೇ ಹೂಳಿದರು. ಲಾ ಮಾಂಚದಲ್ಲಿ ಮೊತಿಯ ದೆಲ್ ಅಸುಎರ್‌ನಂಥ ನೆಲೆಗಳು ಒಂದು ಬಾವಿಯ ಸುತ್ತ ಗೋಡೆ ಸುತ್ತಿಕೊಂಡು ಬೆಳೆದವು.